ಇಗರ್ಜಿಯ ಅಂಗಳದಲ್ಲಿ ರಾಕ್ ತಿರುಗಾಟ

ಡಿಸೆಂಬರ್ 3ರ ನಸುಕಿನಲ್ಲಿ ಶಿರಸಿಯಿಂದ ಹೊರಟ ಬಸ್ಸು ದೇವಿಮನೆ ಘಟ್ಟವನ್ನು ಇಳಿಯುವಾಗ ಕಿಟಕಿಯಾಚೆ ಮಂಜಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ನನ್ನ ಕಿವಿಯಲ್ಲಿ ಪೆಟ್ರಾ ಎಂಬ ಅಮೆರಿಕದ ಕ್ರೈಸ್ತ ರಾಕ್ ತಂಡದ ‘ಬಿಯಾಂಡ್ ಬಿಲೀಫ್’ ಕೇಳುತ್ತಿತ್ತು. 1990ರಲ್ಲಿ ಹೊರಬಂದ ಈ ಆಲ್ಬಮ್ಮಿನ ಕ್ಯಾಸೆಟ್ಟನ್ನು ಧಾರವಾಡದ ಹಾಸ್ಟೆಲ್ಲಿನಲ್ಲಿ ನನಗೆ ಮೊದಲು ಕೇಳಿಸಿದವನು ಕಾರವಾರದ ಗೆಳೆಯ; ಕೊಲ್ಲಿಯಲ್ಲಿ ಕೆಲಸಕ್ಕಿದ್ದ ಅವನ ಮಾವ ಅದನ್ನು ತಂದುಕೊಟ್ಟಿದ್ದರು. ಅಡಿಕೆ ತೋಟದ ಮನೆಯಲ್ಲಿ ತಾಳಮದ್ದಳೆ ಕೇಳುತ್ತ ಬೆಳೆದ ನನಗೆ ಗಿಟಾರು, ಡ್ರಮ್ಮುಗಳ ಆ ಅಬ್ಬರ ಅಪರಿಚಿತವೆನಿಸಲಿಲ್ಲ. ಏರುಪದಕ್ಕೆ ಚಂಡೆ ಬಿದ್ದಾಗ ಮೈಯಲ್ಲಿ ಏಳುವ ನಡುಕವೇ ಅಲ್ಲಿಯೂ ಇತ್ತು. ಈಗ ಅದೇ ಗೆಳೆಯನ ಅಣ್ಣನ ಮಗ ಕಾರವಾರದಲ್ಲಿ ಐದು ಹುಡುಗರ ತಂಡ ಕಟ್ಟಿದ್ದ, ಅಂದು ರಾತ್ರಿ ಕಾಳಿ ನದಿಯ ದಂಡೆಯ ಊರೊಂದರ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಅವರ ಕಾರ್ಯಕ್ರಮವಿತ್ತು. ಅದನ್ನು ಕೇಳಲೆಂದೇ ನಾನು ಹೊರಟಿದ್ದೆ.

ಗೆಳೆಯ ಕುಮಟಾದಲ್ಲಿ ಕಾರು ತಂದು ಕಾಯುತ್ತಿದ್ದ. ಮೊದಲು ಚಂದಾವರಕ್ಕೆ ಹೋಗಿಬರೋಣವೆಂದ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಚಂದಾವರದ ಇಗರ್ಜಿಗೆ ಆ ದಿನ ಕ್ರೈಸ್ತರಷ್ಟೇ ಅಲ್ಲ, ಸುತ್ತಲಿನ ಎಲ್ಲ ಜಾತಿಮತದವರೂ ಹರಕೆ ಹೊತ್ತು ಬರುತ್ತಾರೆ. ಮೇಣದಬತ್ತಿ ಹಿಡಿದ ಸಾಲಿನಲ್ಲಿ ಹಣೆಗೆ ಕುಂಕುಮವಿಟ್ಟ ಹೆಂಗಸರೇ ನನ್ನ ಮುಂದೆಯೂ ಹಿಂದೆಯೂ ಇದ್ದರು. ಜನಸಂದಣಿಯಿಂದಾಗಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಅಘನಾಶಿನಿಯನ್ನೂ ಗಂಗಾವಳಿಯನ್ನೂ ದಾಟಿ ಅಂಕೋಲೆಯ ಮೇಲೆ ಹೋಗುವಷ್ಟೂ ಹೊತ್ತು ನಮ್ಮ ಮಾತೆಲ್ಲ ಪೆಟ್ರಾದ ಬಗ್ಗೆಯೇ. ಗ್ರೀಕಿನಲ್ಲಿ ಪೆಟ್ರಾ ಎಂದರೆ ಬಂಡೆ; ರಾಕ್ ಎಂಬ ಇಂಗ್ಲಿಷ್ ಮಾತಿಗೂ ಅದೇ ಅರ್ಥವಿರುವುದರಿಂದ ಹೆಸರಿನಲ್ಲೇ ಅವರ ಸಂಗೀತವೂ ನಂಬಿಕೆಯೂ ಕೂಡಿಕೊಂಡಿವೆ. 1972ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಪಟ್ಟಣದಲ್ಲಿ ಗಿಟಾರು ವಾದಕ ಬಾಬ್ ಹಾರ್ಟ್‌ಮನ್ ಮತ್ತು ಗೆಳೆಯರು ಈ ತಂಡ ಕಟ್ಟಿದರು. ಮೊದಲ ಆಲ್ಬಮ್ ಬಂದದ್ದು 1974ರಲ್ಲಿ. ಆ ಕಾಲದ ಅನೇಕ ಚರ್ಚುಗಳಿಗೆ ಇವರ ವಾದ್ಯಗಳ ಗದ್ದಲ ಬೇಡವಾಗಿತ್ತು, ಮಾಮೂಲು ರಾಕ್ ಕೇಳುವವರಿಗೆ ಇವರ ದೇವರ ಮಾತು ಬೇಡವಾಗಿತ್ತು. ಎಂಬತ್ತರ ದಶಕದಲ್ಲಿ ಜಿಮ್ಮಿ ಸ್ವಾಗರ್ಟ್‌ರಂಥ ಟಿವಿ ಪ್ರವಚನಕಾರರು ಕ್ರೈಸ್ತ ರಾಕ್ ಸಂಗೀತವನ್ನೇ ಬಹಿರಂಗವಾಗಿ ಖಂಡಿಸಿದರು. ರಾಕ್ ತಟ್ಟೆಗಳನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನನ ಮಾತು ಕೇಳುತ್ತದೆ ಎಂಬ ಭಯ ಹರಡಿದ್ದಾಗ, 1982ರ ಆಲ್ಬಮ್ಮಿನ ಹಾಡೊಂದರಲ್ಲಿ ಪೆಟ್ರಾದವರು ತಾವೇ ಒಂದು ಮಾತನ್ನು ಹಿಂದುಮುಂದಾಗಿ ಅಡಗಿಸಿಟ್ಟರು. ತಿರುಗಿಸಿ ಕೇಳಿದವರಿಗೆ ಸಿಕ್ಕಿದ್ದು, ದೇವರನ್ನು ಹುಡುಕಬೇಕಾದ ನೀವು ಸೈತಾನನನ್ನೇಕೆ ಹುಡುಕುತ್ತಿದ್ದೀರಿ ಎಂಬ ಪ್ರಶ್ನೆ.

ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ತಂಡದವರು ಹಳದಿ ಕಪ್ಪು ಪಟ್ಟೆಯ ಉಡುಪು ತೊಟ್ಟು, ವೇದಿಕೆಯಿಂದ ಜನರತ್ತ ಬೈಬಲಿನ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿದ್ದರು. ಅದರ ಬೆರಗು ನನಗೂ ಇದೆ. ಆದರೂ ನನ್ನ ಮನಸ್ಸು ಪೆಟ್ರಾದ ಕಡೆಗೇ ವಾಲುತ್ತದೆ, ಏಕೆಂದರೆ ಅವರು ಬಾಳಿದ್ದು ನಮ್ಮ ಯಕ್ಷಗಾನ ಮೇಳಗಳಂತೆ ತಿರುಗಾಟದಲ್ಲಿ. ಭಾಗವತರು ಬದಲಾದರೂ ಮೇಳ ಉಳಿಯುವ ಹಾಗೆ ಅಲ್ಲಿಯೂ ಹಾಡುಗಾರರು ಬದಲಾದರು. ಗ್ರೆಗ್ ವೋಲ್ಜ್ ಬಿಟ್ಟ ಜಾಗಕ್ಕೆ 1986ರಲ್ಲಿ ಜಾನ್ ಶ್ಲಿಟ್ ಬಂದರು. ಮೊದಲು ಹೆಡ್ ಈಸ್ಟ್ ಎಂಬ ರಾಕ್ ತಂಡದಲ್ಲಿ ಹಾಡಿ, ವ್ಯಸನದಿಂದ ಕುಸಿದು, ನಂಬಿಕೆಯಿಂದ ಎದ್ದುನಿಂತವರು ಅವರು. ಆ ಒರಟು ಕಂಠವೇ ‘ಬಿಯಾಂಡ್ ಬಿಲೀಫ್’ನಲ್ಲಿರುವುದು. ತಂಡಕ್ಕೆ ದೊರೆತ ನಾಲ್ಕು ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಮೊದಲನೆಯದು ಆ ಆಲ್ಬಮ್ಮಿಗೇ ಸಂದಿತು. 1995ರಲ್ಲಿ ಹಾರ್ಟ್‌ಮನ್ ತಿರುಗಾಟ ನಿಲ್ಲಿಸಿದರೂ ತಂಡ ನಿಲ್ಲಲಿಲ್ಲ; 2005ರಲ್ಲಿ ವಿದಾಯದ ಪ್ರದರ್ಶನಗಳನ್ನು ಕೊಟ್ಟ ಮೇಲೂ ಅದು ಮತ್ತೆ ವೇದಿಕೆಗೆ ಬಂದಿದೆ.

ಬಿಣಗಾದ ಸುರಂಗ ದಾಟಿ ಕಾರವಾರ ತಲುಪಿದಾಗ ಊಟದ ಹೊತ್ತು ಮೀರಿತ್ತು. ಸಂಜೆ ನಾವು ಹೋಗುವಷ್ಟರಲ್ಲಿ ಇಗರ್ಜಿಯ ಎದುರು ವೇದಿಕೆ ಸಿದ್ಧವಾಗಿತ್ತು. ಡ್ರಮ್ ಸೆಟ್ಟು, ಕೀಬೋರ್ಡು, ಎರಡು ಗಿಟಾರು, ಒಂದು ಬೇಸ್ ಗಿಟಾರು ಇದ್ದವು. ಇವುಗಳ ಪಕ್ಕದಲ್ಲಿ ಒಂದು ಗುಮಟೆ. ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆಯನ್ನು ನಾನು ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಹಾಡಿನಲ್ಲಿ ಕೇಳಿದ್ದೆ, ಗೋವೆಯ ಕ್ರೈಸ್ತರ ಹಾಡುಗಳಲ್ಲಿಯೂ ಅದಿದೆ ಎಂದು ಗೊತ್ತಿತ್ತು. ರಾಕ್ ತಂಡದ ನಡುವೆ ನೋಡಿದ್ದು ಇದೇ ಮೊದಲು. ಅದನ್ನು ನುಡಿಸುವವರು ಆ ಇಗರ್ಜಿಯ ಗಾಯನ ವೃಂದವನ್ನು ಬಹಳ ವರ್ಷ ನಡೆಸಿದ ಹಿರಿಯರು. ಹುಡುಗರು ಅವರನ್ನು ‘ಮಾಸ್ತರರು’ ಎಂದೇ ಕರೆಯುತ್ತಾರೆ.

ಮೊದಲ ಮೂರು ಹಾಡು ನನಗೆ ಹಿಡಿಸಲಿಲ್ಲ. ಡ್ರಮ್ಮಿನ ಸದ್ದು ಇಗರ್ಜಿಯ ಗೋಡೆಗೆ ಬಡಿದು ಹಿಂತಿರುಗುತ್ತಿತ್ತು. ಹುಡುಗ ಕೊಂಕಣಿಯಲ್ಲಿ ಹಾಡುತ್ತಿದ್ದಾನೆಂಬುದಷ್ಟೇ ತಿಳಿಯುತ್ತಿತ್ತು, ಪದವೊಂದೂ ಕಿವಿಗೆ ಬೀಳುತ್ತಿರಲಿಲ್ಲ. ಪಕ್ಕದ ಕುರ್ಚಿಯ ಅಜ್ಜಿ ಕಿವಿಗೆ ಸೆರಗು ಒತ್ತಿಕೊಂಡಿದ್ದರು. ಆಗ ಮಾಸ್ತರರು ಎದ್ದು ಮಿಕ್ಸರಿನ ಮುಂದಿದ್ದ ಹುಡುಗನ ಬಳಿಗೆ ಹೋಗಿ ಏನೋ ಹೇಳಿದರು. ಅವರು ಹೇಳಿದ್ದನ್ನು ಆಮೇಲೆ ಕೇಳಿ ತಿಳಿದುಕೊಂಡೆ: “ಪದ ಕೇಳದಿದ್ದರೆ ನಾವು ಬಂದದ್ದು ಯಾತಕ್ಕೆ ಮಗಾ?”

ಡ್ರಮ್ಮು ತಗ್ಗಿತು. ನಾಲ್ಕನೆಯದು ಎಲ್ಲರಿಗೂ ಗೊತ್ತಿದ್ದ ಹಳೆಯ ಭಕ್ತಿಗೀತೆ. ಮೊದಲ ಚರಣಕ್ಕೆ ಗುಮಟೆ ಮಾತ್ರ, ಎರಡನೆಯದಕ್ಕೆ ಬೇಸ್ ಸೇರಿತು, ಜನ ಪಲ್ಲವಿಯನ್ನು ಎತ್ತಿಕೊಂಡ ಮೇಲಷ್ಟೇ ಗಿಟಾರು, ಡ್ರಮ್ಮುಗಳು ಒಟ್ಟಿಗೆ ನುಗ್ಗಿದವು. ಭಾಗವತರು ಕರುಣರಸದ ಪದ ಹೇಳುವಾಗ ಚಂಡೆಯವನು ಕೋಲು ಕೆಳಗಿಟ್ಟು ಮದ್ದಲೆಗೆ ಜಾಗ ಬಿಡುವುದೂ, ಯುದ್ಧಕ್ಕೆ ಬಂದಾಗ ಕೋಲೆತ್ತಿಕೊಳ್ಳುವುದೂ ನಮ್ಮ ಹಿಮ್ಮೇಳದ ನಡೆ. ಆ ಹುಡುಗರ ಕೈಯಲ್ಲಿ ನಾನು ಅದನ್ನೇ ಕಂಡೆ. 1989ರಲ್ಲಿ ಪೆಟ್ರಾ ಕೂಡ ಸಭೆಯೊಡನೆ ಹಾಡಬಹುದಾದ ಸ್ತುತಿಗೀತೆಗಳ ಒಂದು ಇಡೀ ಆಲ್ಬಮ್ಮನ್ನು ತಂದಿತ್ತು. ಕಾರ್ಯಕ್ರಮದ ನಡುವೆ ವಾದ್ಯ ನಿಲ್ಲಿಸಿ ಜನರೊಡನೆ ನಂಬಿಕೆಯ ಮಾತಾಡುವುದು, ಪ್ರಾರ್ಥನೆಗೆ ಕರೆಯುವುದು ಅವರ ಪ್ರದರ್ಶನಗಳ ಭಾಗವೇ ಆಗಿತ್ತು. ಇಲ್ಲಿಯೂ ಗೆಳೆಯನ ಅಣ್ಣನ ಮಗ ಗಿಟಾರನ್ನು ಬೆನ್ನಿಗೆ ಸರಿಸಿ ಎರಡು ನಿಮಿಷ ಮಾತಾಡಿದ. ಕಡಲಿಗೆ ಹೋದವರು ಕ್ಷೇಮವಾಗಿ ಮರಳಲಿ ಎಂದು ಮೊದಲು ಕೊಂಕಣಿಯಲ್ಲಿ, ಆಮೇಲೆ ಕನ್ನಡದಲ್ಲಿ ಬೇಡಿಕೊಂಡ. ಅಜ್ಜಿಯ ಸೆರಗು ಕಿವಿಯಿಂದ ಇಳಿದಿತ್ತು.

ಕಾರ್ಯಕ್ರಮ ಮುಗಿದಾಗ ಹನ್ನೊಂದು ದಾಟಿತ್ತು. ಮೊದಲ ಹಾಡುಗಳ ಬಗ್ಗೆ ನನ್ನ ಅನಿಸಿಕೆಯನ್ನು ಹುಡುಗನಿಗೆ ಮುಚ್ಚಿಡದೆ ಹೇಳಿದೆ. “ಹೌದು ಅಂಕಲ್, ಬಯಲಿನಲ್ಲಿ ಅಭ್ಯಾಸ ಮಾಡಿದ್ದೆವು, ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ” ಎಂದ. ಮರುದಿನ ಹಳಿಯಾಳದ ಕಡೆಯ ಇಗರ್ಜಿಯೊಂದರಲ್ಲಿ ಹಾಡಬೇಕಿದ್ದುದರಿಂದ, ನಸುಕಿಗೇ ಹೊರಟು ಅಣಶಿ ಘಟ್ಟ ಹತ್ತಲೆಂದು ಅವರು ರಾತ್ರಿಯೇ ಟೆಂಪೊಗೆ ಸಾಮಾನು ತುಂಬತೊಡಗಿದರು. ನಾನೂ ಗೆಳೆಯನೂ ಸ್ಪೀಕರುಗಳಿಗೆ ಕೈಕೊಟ್ಟೆವು. ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದ ಮೇಲೆ ಗುಮಟೆಯೊಂದು ಉಳಿಯಿತು. ಮಾಸ್ತರರು ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಹಿಂದೆ ಇಡಗೊಡದೆ, ತೊಡೆಯ ಮೇಲಿಟ್ಟುಕೊಂಡು ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತರು.