ಮಳೆ ಛತ್ರ, ಮೂರನೇ ಸಂಚಿಕೆ: 24 ಪುಟದಲ್ಲಿ 17 ಆಯ್ತು, ಕಪ್ಪೆ ಇನ್ನೂ ಮುನಿಸಿಕೊಂಡಿದೆ

'ಮಳೆ ಛತ್ರ' ನಾನೇ ಬರೆದು ಅಚ್ಚು ಹಾಕಿಸುವ ಕಾಮಿಕ್ಸ್. ಮೊದಲು ಅದರ ಮೂರನೇ ಸಂಚಿಕೆಯ ಲೆಕ್ಕ ಒಪ್ಪಿಸಿಬಿಡುತ್ತೇನೆ. ಒಟ್ಟು 24 ಪುಟ. 17ಕ್ಕೆ ಶಾಯಿ ಬಿದ್ದಿದೆ. 11 ಪುಟಗಳಲ್ಲಿ ಮಾತು ಕೂತಿದೆ. ಮುಖಪುಟ ಪೆನ್ಸಿಲ್ ಹಂತದಲ್ಲೇ ಇದೆ. ಆರಿದ್ರಾ ಮಳೆ ಶುರುವಾಗುವ ದಿನ, ಅಂದರೆ ಜೂನ್ 22ರ ಆಸುಪಾಸು, ಪುಸ್ತಕ ಕೈಗೆ ಬರಬೇಕು ಅಂತ ಹೇಳಿದ್ದೆ. ಬರಲ್ಲ. ಜುಲೈ 6ಕ್ಕೆ ಪುನರ್ವಸು ಬರುತ್ತದಲ್ಲ, ಅಷ್ಟೊತ್ತಿಗೆ ಆದರೆ ನನ್ನ ಪುಣ್ಯ. ಮಳೆಯೇ ಹೇಳಿದ ದಿನಕ್ಕೆ ಬರದ ಕಾಲದಲ್ಲಿ ಮಳೆಯ ಕಾಮಿಕ್ಸ್ ತಡವಾದರೆ ಯಾರೂ ಬೈಯಬಾರದು.

ಹೊಸಬರಿಗಾಗಿ ಕಥೆಯ ಲೋಕವನ್ನು ಒಂದಿಷ್ಟು ಹೇಳುತ್ತೇನೆ. ಮೋಡಗಳ ಮೇಲೆ ಒಂದು ಹಳೇ ಛತ್ರ ಇದೆ. 27 ಕೋಣೆ. ನಮ್ಮ ರೈತರು ನಕ್ಷತ್ರಗಳ ಹೆಸರಿಟ್ಟು ಕರೆಯುವ ಮಳೆಗಳೆಲ್ಲ ಅಲ್ಲಿನ ಅತಿಥಿಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಹಾಗಾಗಿ ಒಬ್ಬೊಬ್ಬರಿಗೂ ಅಷ್ಟೇ ದಿನದ ಪಾಳಿ. ಪಾಳಿ ಬಂದವರು ರಿಜಿಸ್ಟರಿಗೆ ಸಹಿ ಹಾಕಿ ಕೆಳಗಿಳಿದು ಸುರಿದು ಬರಬೇಕು. ಅಶ್ವಿನಿಯಿಂದ ವಿಶಾಖದವರೆಗೆ 16 ಜನಕ್ಕೆ ಕೈತುಂಬ ಕೆಲಸ. ಉಳಿದ 11 ಜನ ವರ್ಷವಿಡೀ ಪಡಸಾಲೆಯಲ್ಲಿ ಕೂತು ಚೌಕಾಬಾರಾ ಆಡುತ್ತಾರೆ. ಮೆಟ್ಟಿಲು ಅಂದರೆ ಕಾಮನಬಿಲ್ಲು. ಕೆಲಸ ಮುಗಿದ ಮೇಲೆ ಅದನ್ನು ಸೀರೆ ಥರ ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಛತ್ರ ನೋಡಿಕೊಳ್ಳುವವಳು ಹನಿ ಅನ್ನುವ ಹುಡುಗಿ. ರಿಜಿಸ್ಟರು ಬರೆಯುವವನು ವಟವಟಪ್ಪ ಅನ್ನುವ ಕಪ್ಪೆ ಗುಮಾಸ್ತ.

ಇದೆಲ್ಲ ನನ್ನ ತಲೆಯಿಂದಲೇ ಹುಟ್ಟಿದ್ದು ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಹಾವೇರಿ ಕಡೆ ನಮ್ಮಜ್ಜ ಮಳೆಗಳ ಬಗ್ಗೆ ಮಾತಾಡುತ್ತಿದ್ದದ್ದೇ ನೆಂಟರ ಬಗ್ಗೆ ಮಾತಾಡಿದ ಹಾಗೆ. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಅಂದಾಗ ಆಕೆ ಚೀಲ ಹೊತ್ತು ತಂದು ಓಣಿಯಲ್ಲಿ ಸುರುವುತ್ತಾಳೆ ಅಂತಲೇ ನಾನು ತಿಳಿದಿದ್ದೆ. 'ಬಂದರೆ ಮಘೆ, ಹೋದರೆ ಹೊಗೆ' ಅಂದಾಗ ಮಘೆ ಒಬ್ಬ ಸಿಡುಕಿನ ಮುದುಕ. ಸ್ವಾತಿ ಮಳೆ ಮುತ್ತಿನ ಬೆಳೆ, ಹಾಗಾಗಿ ಆಕೆ ಕೈಯಲ್ಲಿ ಒಂದು ಪುಟ್ಟ ಡಬ್ಬಿ. ಪಾತ್ರಗಳ ಅರ್ಧ ಕೆಲಸವನ್ನು ಗಾದೆಗಳೇ ಮಾಡಿಕೊಟ್ಟಿವೆ. ನಾನು ಅವರಿಗೆ ಮೂಗು ಬರೆದೆ, ಅಷ್ಟೇ.

ಈ ಸಂಚಿಕೆಯ ಕಥೆಯೂ ಹಾಗೇ ಸಿಕ್ಕಿದ್ದು. ಮಳೆಗೆ ವಾಹನ ಬರೆಯುವ ಪಂಚಾಂಗಗಳಿವೆ. ಆನೆ, ಕುದುರೆ, ನರಿ, ಕತ್ತೆ, ಕಪ್ಪೆ ಹೀಗೆ. ಈ ಸಲ ನನ್ನ ಕಥೆಯ ಆರಿದ್ರಾಳ ವಾಹನ ಕಪ್ಪೆ. ಛತ್ರದಲ್ಲಿ ಇರುವ ಕಪ್ಪೆ ಒಂದೇ. ಮೂವತ್ತು ವರ್ಷ ಸರ್ವಿಸ್ ಆದ ಗುಮಾಸ್ತ, ಕನ್ನಡಕ ಹಾಕಿಕೊಂಡು, ಬೆನ್ನ ಮೇಲೆ ಆರಿದ್ರಾಳನ್ನೂ ಆಕೆಯ ಎಂದೂ ಒಣಗದ ಹಾಸಿಗೆಯನ್ನೂ ಹೊತ್ತು ಇಳಿಯಬೇಕು. ಅವನು ರಾಜೀನಾಮೆ ಬರೆಯುತ್ತಾನೆ. ಅದಕ್ಕೆ ಸಹಿ ಹಾಕಿಸಿಕೊಳ್ಳಬೇಕಾದ ಗುಮಾಸ್ತನೂ ಅವನೇ.

ಇನ್ನು ಒಂದು ತಿಂಗಳು ತಿಂದ 9ನೇ ಪುಟದ ವಿಷಯ.

ಮೃಗಶಿರ ಪಾಳಿ ಮುಗಿದರೂ ಕೋಣೆ ಬಿಟ್ಟಿಲ್ಲ. ಆರಿದ್ರಾ ಬಾಗಿಲಲ್ಲಿ ನಿಂತಿದ್ದಾಳೆ, ಹಾಸಿಗೆಯಿಂದ ನೀರು ತೊಟ್ಟಿಕ್ಕುತ್ತಿದೆ. ಐದು ಚೌಕಟ್ಟು. ಚಿತ್ರ ನನಗೇ ಖುಷಿಯಾಗುವಷ್ಟು ಚೆನ್ನಾಗಿ ಬಂದಿತ್ತು. ಬಾಗಿಲ ಚಿಲಕಕ್ಕೇ ಒಂದು ಸಂಜೆ ಹೋಗಿತ್ತು. ಆಮೇಲೆ ಮಾತು ಕೂರಿಸಲು ಹೋದೆ. ಹನಿಯ ಮಾತು ಹೀಗಿತ್ತು: 'ನಿನ್ನೆಯೇ ಹೊರಟುಹೋಗಬೇಕಾಗಿತ್ತಲ್ಲವೇ ನೀವು?' ಮೂರೇ ಪದ. ಆದರೆ ನಡುವಿನದು ರೈಲಿನಷ್ಟು ಉದ್ದ. ಅದನ್ನು ಎಲ್ಲಿ ಮುರಿಯೋಣ? 'ಹೊರಟುಹೋಗಬೇ' ಅಂತ ಒಂದು ಸಾಲು, 'ಕಾಗಿತ್ತಲ್ಲವೇ' ಅಂತ ಇನ್ನೊಂದು ಸಾಲು ಮಾಡಿದರೆ ಓದುವ ಮಗು ಅಲ್ಲೇ ಎಡವುತ್ತದೆ. ಮುರಿಯದೆ ಬಿಟ್ಟರೆ ಮಾತಿನ ಗುಳ್ಳೆ ಚೌಕಟ್ಟಿನ ಈ ಗೋಡೆಯಿಂದ ಆ ಗೋಡೆಗೆ ತಾಗುತ್ತದೆ. ನನ್ನ ಚಿಲಕ ಗುಳ್ಳೆಯ ಹಿಂದೆ ಹೋಯಿತು.

ಅಕ್ಷರ ಸಣ್ಣ ಮಾಡಬಹುದಿತ್ತು ಅಲ್ವಾ ಅಂತ ಕೇಳಬಹುದು. ಮಾಡಿ ನೋಡಿದೆ. ನಾನು ಬರೆಯುವುದು ಎ4 ಹಾಳೆಯಲ್ಲಿ, ಅಚ್ಚಾಗುವುದು ಎ5ನಲ್ಲಿ. ಎಲ್ಲವೂ ಸುಮಾರು 71%ಗೆ ಇಳಿಯುತ್ತದೆ. ಪರದೆ ಮೇಲೆ ಅಂದವಾಗಿ ಕಂಡ ಒತ್ತಕ್ಷರ ಕಾಗದದ ಮೇಲೆ ಇರುವೆಯ ಕಾಲಾಗುತ್ತದೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡಕ್ಷರ, ಒಂದೇ ಎತ್ತರ, ಸಾಲು ಸಾಲು ಇಟ್ಟಿಗೆ ಜೋಡಿಸಿದ ಹಾಗೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. 'ವಸ್ತ್ರ' ಅಂತ ಬರೆದರೆ ಸ ಕೆಳಗೆ ತ, ಅದರ ಬುಡದಲ್ಲಿ ರ. ಕೆಳಗಿನ ಸಾಲಿನ 'ಗಿ'ಯ ತಲೆಗೆ ಅದು ಬಂದು ಕುಟ್ಟುತ್ತದೆ. ಅದಕ್ಕೆ ಸಾಲಿನ ಅಂತರವನ್ನು ಒಂದೂವರೆ ಪಟ್ಟು ಇಟ್ಟುಕೊಂಡಿದ್ದೇನೆ. ಅಲ್ಲಿಗೆ ಗುಳ್ಳೆ ಇನ್ನೂ ದಪ್ಪ. ಮೊಟ್ಟೆಯಾಕಾರದ ಗುಳ್ಳೆಯಲ್ಲಿ ನಾಲ್ಕು ಮೂಲೆಯೂ ದಂಡ ಅಂತ ಗೊತ್ತಾದ ಮೇಲೆ ಮೂಲೆ ದುಂಡಗಿರುವ ಚೌಕಕ್ಕೆ ಬದಲಾಯಿಸಿದೆ. ಸ್ವಲ್ಪ ಜಾಗ ಉಳಿಯಿತು.

ಆಮೇಲೆ ಒಂದು ದಿನ ಅವ್ವನಿಗೆ ಆ ಪುಟ ಓದಿ ಹೇಳಿದೆ. ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೇಳಿದಳು. 'ಯಾರು ಹಂಗ ಮಾತಾಡ್ತಾರ? ನೀ ನಿನ್ನೇನ ಹೋಗಬೇಕಿತ್ತಲ್ಲ, ಅಂತಾರ.'

ಅಷ್ಟೇ. ಮೂರು ಚಿಕ್ಕ ಪದ, ಎರಡು ಸಾಲು, ಚಿಲಕ ವಾಪಸ್ ಬಂತು.

ಅವತ್ತು ರಾತ್ರಿ ಇಡೀ ಸ್ಕ್ರಿಪ್ಟ್ ಮತ್ತೆ ಬರೆದೆ. ನಾನು ಎರಡು ಸಂಚಿಕೆಯುದ್ದಕ್ಕೂ ಮಳೆಗಳ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ತುರುಕಿದ್ದೆ. 'ಹೊರಡುತ್ತಿದ್ದೇನೆ' ಅನ್ನುವ ಕಡೆ 'ಹೊಂಟೆ' ಸಾಕು. 'ಬರುವುದಿಲ್ಲವಂತೆ' ಅನ್ನುವುದಕ್ಕೆ 'ಬರಲ್ಲಂತ'. ಮೊದಲು ಜಾಗ ಉಳಿಸಲು ಅಂತ ಶುರು ಮಾಡಿದ್ದು. ಮೂರು ಪುಟ ಆಗುವಷ್ಟರಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ಗುಳ್ಳೆಯ ಬಾಲ ನೋಡದೆಯೇ ಗೊತ್ತಾಗತೊಡಗಿತು. ಈಗ ರೋಹಿಣಿ ಪೂರ್ತಿ ಹಾವೇರಿಯವಳು. ಆರಿದ್ರಾ ಕೂಡ ಅಲ್ಲಿಯವಳೇ, ಆದರೆ ಬೈಗುಳ ಜಾಸ್ತಿ, ಅದೂ ಅವ್ವನ ತೀರ್ಮಾನ: 'ಆರಿದ್ರಿ ಮೆತ್ತಗ ಮಾತಾಡಂಗಿಲ್ಲ, ಆಕಿ ಬೈತಾಳ.' ಪುಷ್ಯನನ್ನು ಮಲೆನಾಡಿನವನನ್ನಾಗಿ ಮಾಡುವ ಆಸೆ ಇದೆ. ಆ ಕಡೆಯ ಮಾತು ನನ್ನ ಬಾಯಿಗೆ ಬರಲ್ಲ, ಸಾಗರದ ಗೆಳೆಯನೊಬ್ಬನಿಗೆ ಹಚ್ಚಿದ್ದೇನೆ.

ಕೆಲಸದ ಕ್ರಮವೂ ತಲೆಕೆಳಗಾಯಿತು. ಈಗ ಮಾತು ಮೊದಲು, ಚಿತ್ರ ಆಮೇಲೆ. ಖಾಲಿ ಚೌಕಟ್ಟಿನಲ್ಲಿ ಮಾತು ಕೂರಿಸುತ್ತೇನೆ, ಜೋರಾಗಿ ಓದುತ್ತೇನೆ, ಉಳಿದ ಜಾಗ ಎಷ್ಟು ಅಂತ ನೋಡಿ ಅದರೊಳಗೆ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಎರಡು ಸಾಫ್ಟ್‌ವೇರು: ಚಿತ್ರವನ್ನು ಕೃತಾದಲ್ಲಿ, ಮಾತನ್ನು ಇಂಕ್‌ಸ್ಕೇಪ್‌ನಲ್ಲಿ, ಬೇರೆ ಬೇರೆ ಫೈಲು. ಇದು ಫ್ರಾನ್ಸಿನ ಡೇವಿಡ್ ರೆವೊಯ್ ಅವರಿಂದ ಕಲಿತದ್ದು. ಅವರು 2014ರಿಂದ 'ಪೆಪ್ಪರ್ ಅಂಡ್ ಕ್ಯಾರಟ್' ಅನ್ನುವ ಪುಟ್ಟ ಮಾಟಗಾತಿಯ ಕಾಮಿಕ್ಸನ್ನು ಸ್ವತಂತ್ರವಾಗಿ ಮಾಡುತ್ತಾ, ಮೂಲ ಫೈಲುಗಳನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವನ್ನು ತೆರೆದು ನೋಡಿದಾಗಲೇ ನನಗೆ ಗೊತ್ತಾಗಿದ್ದು, ಮಾತನ್ನು ಚಿತ್ರಕ್ಕೆ ಅಂಟಿಸಿಬಿಡಬಾರದು ಅಂತ. ಅಕ್ಷರಕ್ಕೆ ಬಾಲೂ ತಮ್ಮ ಅನ್ನುವ ಫಾಂಟು. ದುಂಡಗಿದೆ, ಸಣ್ಣದಾದರೂ ಓದಬಹುದು, ಲೈಸೆನ್ಸಿನ ಕಿರಿಕಿರಿ ಇಲ್ಲ. ಅಕಾಯಾ ಕನಡಕ ಇನ್ನೂ ಚೆಂದ, ಕುಂಚದಲ್ಲಿ ಬರೆದ ಹಾಗಿದೆ. ಆದರೆ ಉದ್ದ ಮಾತಿಗೆ ಸುಸ್ತಾಗುತ್ತದೆ. ಅದನ್ನು ಛತ್ರದ ಬೋರ್ಡುಗಳಿಗೆ ಇಟ್ಟುಕೊಂಡಿದ್ದೇನೆ.

ಸದ್ದಿನ ಪದಗಳನ್ನು ಮಾತ್ರ ಫಾಂಟಿಗೆ ಕೊಡಲ್ಲ. ಅದು ನನ್ನ ಕೈಯಲ್ಲೇ ಆಗಬೇಕು. ಕನ್ನಡದಲ್ಲಿ ಮಳೆಗೆ ಎಷ್ಟು ಸದ್ದಿವೆ ಅಂತ ಪಟ್ಟಿ ಮಾಡಲು ಕೂತವನಿಗೆ ಹಾಳೆ ಸಾಲಲಿಲ್ಲ. ಜಿಟಿಜಿಟಿ, ಪಟಪಟ, ರಪರಪ, ತಟತಟ, ಚಿಟಪಟ. ಬಹುತೇಕ ಎಲ್ಲವೂ ಜೋಡಿಯಾಗಿಯೇ ಬರುತ್ತವೆ, ಹಾಗಾಗಿ ಅವನ್ನು ಚೌಕಟ್ಟಿನ ತುಂಬ ಮತ್ತೆ ಮತ್ತೆ ಚೆಲ್ಲಬಹುದು. ಮೃಗಶಿರನ ಪುಟಗಳಲ್ಲೆಲ್ಲ ಸಣ್ಣ ಸಣ್ಣ ಜಿಟಿಜಿಟಿ. ಓರೆಯಾಗಿ, ಮಸುಕಾಗಿ.

ಆರಿದ್ರಾಳಿಗೆ ಒಂದೇ ಸದ್ದು. ಧೋ.

ಅದು 12-13ನೇ ಪುಟ. 24 ಪುಟದ ಪುಸ್ತಕಕ್ಕೆ ನಡುವೆ ಪಿನ್ ಹೊಡೆದರೆ ಆ ಎರಡು ಪುಟ ಮಾತ್ರ ಒಂದೇ ಹಾಳೆಯ ಒಂದೇ ಮುಖದಲ್ಲಿ ಅಚ್ಚಾಗುತ್ತವೆ. ಬೇರೆ ಕಡೆ ಎರಡು ಪುಟ ಸೇರಿಸಿ ಬರೆದರೆ ಕೀಲಿನಲ್ಲಿ ಕೂದಲೆಳೆಯಾದರೂ ಜಾರುತ್ತದೆ. ಮೊದಲ ಸಂಚಿಕೆಯಲ್ಲಿ 8-9ರಲ್ಲಿ ಕಾಮನಬಿಲ್ಲು ಬರೆದು ಅದು ಮುರಿದ ಕೋಲಿನಂತೆ ಕಂಡ ಮೇಲೆ ಬುದ್ಧಿ ಬಂತು. ಈಗ ಆ ನಡುಪುಟದ ತುಂಬ ಒಂದೇ ಅಕ್ಷರ. ಧದ ಕೆಳಗಿನ ಸೀಳಿನಿಂದ ಸೂರು ಸೋರುತ್ತದೆ. ಕೊಂಬು ಒಂದು ದೊಡ್ಡ ಮೋಡ. ದೀರ್ಘವನ್ನು ಎಳೆದು ಎಳೆದು ಪುಟದ ಬುಡದವರೆಗೆ ತಂದಿದ್ದೇನೆ, ಅದರ ತುದಿಗೆ ವಟವಟಪ್ಪ ಜೋತುಬಿದ್ದಿದ್ದಾನೆ. ಕುಂಚ ಮೂರು ಸಲ ಎಡವಿತು, ನಾಲ್ಕನೇ ಹಾಳೆ ಉಳಿಯಿತು. ಇಡೀ ಸಂಚಿಕೆಯಲ್ಲಿ ನನಗೆ ಇಷ್ಟವಾದ ಪುಟ ಅದೇ.

ವಟವಟಪ್ಪನ ಮಾತಿನ ಬಗ್ಗೆ ತುಂಬಾ ಜನ ಕೇಳಿದ್ದಾರೆ. ಅವನು ಯಾಕೆ ಒತ್ತಕ್ಷರ ಬಿಡಿಸಿ ಮಾತಾಡುತ್ತಾನೆ? ಸತ್ಯ ಹೇಳಿಬಿಡುತ್ತೇನೆ. ಮೊದಲ ಸಂಚಿಕೆಯ ಹಿಂಬದಿಯ ರಕ್ಷಾಪುಟಕ್ಕೆ ನಾನು ಕೊಟ್ಟಿದ್ದು ಯೂನಿಕೋಡ್ ಬರಹ. ಅಚ್ಚು ಹಾಕುವವರ ಹತ್ತಿರ ಇದ್ದದ್ದು ಹಳೇ ಕಾಲದ ಪುಟ ಜೋಡಿಸುವ ಸಾಫ್ಟ್‌ವೇರು. ಅದಕ್ಕೆ ನಮ್ಮ ಒತ್ತಕ್ಷರ ಜೋಡಿಸಲು ಬರಲ್ಲ. 150 ಪ್ರತಿಯಲ್ಲೂ 'ಮಳೆ ಛತ್‌ರ' ಅಂತ ಅಚ್ಚಾಯಿತು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಪಕ್ಕದ ಮನೆಯ ಹುಡುಗ ಅದನ್ನು ಕಪ್ಪೆಯ ಧ್ವನಿಯಲ್ಲಿ 'ಛತ್... ರ' ಅಂತ ಓದಿ ಬಿದ್ದು ಬಿದ್ದು ನಕ್ಕ. ಎರಡನೇ ಸಂಚಿಕೆಯಿಂದ ಗುಮಾಸ್ತರು ಹಾಗೇ ಮಾತಾಡುತ್ತಾರೆ. 'ನನ್‌ನ ಕೈಯಲ್‌ಲಿ ಆಗಲ್‌ಲ, ರಿಜಿಸ್‌ಟರ್ ತಗೊಳ್‌ಳಿ.' ಅವನ ಸಾಲುಗಳಿಗೆ ಅಂತರವೂ ಕಮ್ಮಿ ಸಾಕು, ಕೆಳಗೆ ನೇತಾಡುವುದು ಏನೂ ಇಲ್ಲವಲ್ಲ! ಈ ಸಲ ಮಾತ್ರ ಎಲ್ಲ ಅಕ್ಷರವನ್ನೂ ಗೆರೆಗಳಾಗಿ ಬದಲಾಯಿಸಿ ಪಿಡಿಎಫ್ ಕೊಡುತ್ತೇನೆ. ಮತ್ತೆ ಅಂಥ ಅದೃಷ್ಟ ನಂಬಿ ಕೂರಲಾಗಲ್ಲ.

ಕಾಗದದ ಬಗ್ಗೆ ಎರಡೇ ಮಾತು. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದದಲ್ಲಿ ಕಪ್ಪು ಜಾಸ್ತಿ ಇರುವ ಪುಟ ಹಿಂಬದಿಗೆ ಇಣುಕುತ್ತಿತ್ತು, 100ಕ್ಕೆ ಏರಿಸುತ್ತಿದ್ದೇನೆ. ಒಳಪುಟ ಕಪ್ಪು-ಬಿಳುಪೇ. ಬಣ್ಣ ನನ್ನ ಸಂಬಳಕ್ಕೆ ಎಟುಕಲ್ಲ, ಎಟುಕಿದರೂ ಈ ಲೋಕಕ್ಕೆ ಬೂದುಬಣ್ಣವೇ ಸರಿ ಅನ್ನಿಸುತ್ತದೆ. ಮೊದಲ ಸಂಚಿಕೆಯ 31 ಪ್ರತಿ ಇನ್ನೂ ಟ್ರಂಕಿನಲ್ಲಿವೆ. ಅಚ್ಚಿನ ತಪ್ಪಿನ ಸಮೇತ.

ಉಳಿದಿರುವ ಏಳು ಪುಟದಲ್ಲಿ 18ನೆಯದು ಕಾಡುತ್ತಿದೆ. ವಟವಟಪ್ಪ ಕೊನೆಗೆ ಆರಿದ್ರಾಳನ್ನು ಹೊತ್ತು ಕಾಮನಬಿಲ್ಲಿನ ಮೊದಲ ಮೆಟ್ಟಿಲ ಮೇಲೆ ಕಾಲಿಡಬೇಕು. ಮಾತಿಲ್ಲದ ಪುಟ. ಗುಳ್ಳೆ ಇಲ್ಲ, ಸದ್ದೂ ಇಲ್ಲ, ಅಡಗಿಕೊಳ್ಳಲು ನನಗೆ ಜಾಗವೇ ಇಲ್ಲ. ಅವನ ಕಾಲು ನಡುಗಬೇಕು, ಮುಖದಲ್ಲಿ ಮಾತ್ರ ಗುಮಾಸ್ತನ ಠೀವಿ ಹೋಗಬಾರದು. ಆರು ಸಲ ಬರೆದೆ, ಆರೂ ಸಲ ಅವನು ಅಜೀರ್ಣವಾದ ಕಪ್ಪೆಯಂತೆ ಕಂಡ.

ನಿನ್ನೆ ಸಂಜೆ ರೋಹಿಣಿ ಒಂದು ಹತ್ತು ನಿಮಿಷ ಬಂದು ಹೋದಳು. ಹಿತ್ತಲ ಕಲ್ಲಿನ ಕೆಳಗಿಂದ ಒಂದು ಕಪ್ಪೆ ಹೊರಬಂದು ಕೂತಿತ್ತು. ಟಾರ್ಚು, ಪೆನ್ಸಿಲ್ಲು, ಹಾಳೆ ತಗೊಂಡು ಹೋಗುವಷ್ಟರಲ್ಲಿ ಹಾರಿಬಿಟ್ಟಿತು. ಇವತ್ತೂ ಮೋಡ ಕಟ್ಟಿದೆ, ಪೆನ್ಸಿಲ್ ಚೂಪು ಮಾಡಿ ಹಿತ್ತಲ ಬಾಗಿಲಲ್ಲೇ ಇಟ್ಟಿದ್ದೇನೆ.