ಆಂಬುಲೆನ್ಸ್‌ಗೆ ದಾರಿ ಹೇಳೋಕೆ ಬರುತ್ತಾ?

ರಾತ್ರಿ ಎರಡು ಗಂಟೆ ಹೊತ್ತಿಗೆ ಚಿಕ್ಕಪ್ಪನಿಗೆ ಎದೆನೋವು ಶುರುವಾಯಿತು. ಮೈಯೆಲ್ಲ ಬೆವರು. ಎಡಗೈ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ಆಂಬುಲೆನ್ಸ್‌ಗೆ ಫೋನ್ ಮಾಡಿದ್ದು ನಾನೇ. ಕೂಡಲೇ ಎತ್ತಿದರು, ಸಮಾಧಾನದಿಂದ ಮಾತಾಡಿದರು, ವಯಸ್ಸೆಷ್ಟು, ಪ್ರಜ್ಞೆ ಇದೆಯಾ, ಉಸಿರು ಹೇಗಿದೆ ಎಂದೆಲ್ಲ ಕೇಳಿದರು. ಆಮೇಲೆ "ಎಲ್ಲಿಗೆ ಬರಬೇಕು?" ಅಂದರು. ಊರಿನ ಹೆಸರು ಹೇಳಿದೆ. "ಊರಲ್ಲಿ ಎಲ್ಲಿ?" ಅಂದರು. "ಊರೊಳಗೆ ಬಂದು ಯಾರನ್ನಾದರೂ ಕೇಳಿ, ತೋರಿಸ್ತಾರೆ" ಅಂದುಬಿಟ್ಟೆ.

ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳುವುದು?

ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ದೂರದ ರಸ್ತೆಯಲ್ಲಿ ಆ ವಾಹನದ ದೀಪ ಮಿನುಗುತ್ತಾ ಬಂತು. ನಮ್ಮ ತಿರುವಿನ ಹತ್ತಿರ ಸ್ವಲ್ಪ ನಿಧಾನ ಆಯಿತು. ಮತ್ತೆ ಮುಂದೆ ಹೊರಟುಹೋಯಿತು. ಚಾಲಕರಿಗೆ ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಕೊನೆಗೆ ನನ್ನ ತಮ್ಮ ಬೈಕ್ ತೆಗೆದುಕೊಂಡು ಹಿಂದೆಯೇ ಓಡಿಸಿ ಕರೆದುಕೊಂಡು ಬಂದ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಚಿಕ್ಕಪ್ಪ ಉಳಿದುಕೊಂಡರು. ಆದರೆ ಆ ದೀಪ ತಿರುವು ದಾಟಿ ಮುಂದೆ ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಂದವರದು ಏನೂ ತಪ್ಪಿರಲಿಲ್ಲ. ದಾರಿ ಹೇಳಬೇಕಾದ ನಾವು ಸರಿಯಾಗಿ ಹೇಳಲಿಲ್ಲ, ಅಷ್ಟೇ.

ತುರ್ತು ನಂಬರ್ ಯಾವುದು ಅನ್ನೋದು ಈಗ ಯಾರಿಗೂ ದೊಡ್ಡ ಸಮಸ್ಯೆ ಅಲ್ಲ. ಯುರೋಪಿನ ದೇಶಗಳು 112 ಎಲ್ಲರಿಗೂ ಒಂದೇ ತುರ್ತು ಸಂಖ್ಯೆ ಆಗಿರಲಿ ಎಂದು 1991ರಲ್ಲೇ ತೀರ್ಮಾನಿಸಿದವು, ಭಾರತದಲ್ಲೂ ಈಗ 112 ಇದೆ, ಅಮೆರಿಕದಲ್ಲಿ 911. ಮೂರು ಅಂಕಿ ಒತ್ತೋಕೆ ಮಕ್ಕಳಿಗೂ ಬರುತ್ತೆ. ಕಷ್ಟ ಇರೋದು ಅದರ ಮುಂದಿನ ಪ್ರಶ್ನೆಯಲ್ಲಿ, "ಎಲ್ಲಿ?" ಅನ್ನೋದರಲ್ಲಿ. ನಗರದಲ್ಲಿ ಮನೆ ನಂಬರ್, ರಸ್ತೆ ಹೆಸರು ಹೇಳಿದರೆ ಮುಗಿಯಿತು. ಹಳ್ಳಿಯಲ್ಲಿ ರಸ್ತೆಗೆ ಹೆಸರೇ ಇರುವುದಿಲ್ಲ, ಹೆಸರಿದ್ದರೂ ಬೋರ್ಡ್ ಇರುವುದಿಲ್ಲ. ಊರಿನವರಿಗೆಲ್ಲ ಎಲ್ಲ ಗೊತ್ತಿರುವುದರಿಂದ ಯಾರೂ ಅದನ್ನು ಬರೆದಿಟ್ಟಿರುವುದೂ ಇಲ್ಲ.

ಆ ವಾರವೇ ಒಂದು ಕೆಲಸ ಮಾಡಿದೆ. ಬೈಕಿನಲ್ಲಿ ಮುಖ್ಯರಸ್ತೆಯವರೆಗೆ ಹೋಗಿ, ಅಲ್ಲಿಂದ ಮನೆಗೆ ಹೊಸಬರು ಬರುವ ಹಾಗೆ ನಿಧಾನವಾಗಿ ಬಂದೆ. ಮೊದಲು ಹಗಲು, ಆಮೇಲೆ ರಾತ್ರಿ. ರಾತ್ರಿ ಬಂದಾಗಲೇ ಗೊತ್ತಾಗಿದ್ದು, ನಾವು ಯಾವಾಗಲೂ ಗುರುತಿಗೆ ಹೇಳುವ ದೊಡ್ಡ ಮರ ಕತ್ತಲಲ್ಲಿ ಕಾಣೋದೇ ಇಲ್ಲ. ನೀಲಿ ಬಣ್ಣದ ಮನೆ ಅಂತೀವಿ, ಕತ್ತಲಲ್ಲಿ ನೀಲಿ ಎಲ್ಲಿ, ಹಸಿರು ಎಲ್ಲಿ? ಕಂಡಿದ್ದು ಮೂರೇ ಮೂರು: ಮೋರಿಯ ಬಿಳಿ ಕಟ್ಟೆ, ಶಾಲೆಯ ಕಾಂಪೌಂಡ್, ನೀರಿನ ಟ್ಯಾಂಕ್. ಹಾಗಾಗಿ ದಾರಿ ಹೀಗೆ ಬರೆದುಕೊಂಡೆ: ಮುಖ್ಯರಸ್ತೆಯಿಂದ ಎಡಕ್ಕೆ ತಿರುಗಿದ ಮೇಲೆ 1.4 ಕಿಲೋಮೀಟರ್, ಮೋರಿ ದಾಟಿದ ಕೂಡಲೇ ಬಲಕ್ಕೆ, ನೀರಿನ ಟ್ಯಾಂಕ್ ಆದ ಮೇಲೆ ಮೂರನೇ ಗೇಟ್. "ಸ್ವಲ್ಪ ಮುಂದೆ" ಅನ್ನೋ ಮಾತೇ ಬೇಡ. ಎಷ್ಟು ಮುಂದೆ ಅನ್ನೋದು ಬೇಕು. ಬೈಕಿನ ಮೀಟರ್ ನೋಡಿದರೆ ಸಾಕು. ದೊಡ್ಡ ವಾಹನ ಎಲ್ಲಿಯವರೆಗೆ ಬರುತ್ತೆ, ಎಲ್ಲಿ ತಿರುಗಿಸಬಹುದು, ಜೋರು ಮಳೆಯಲ್ಲಿ ಮೋರಿ ಮೇಲೆ ನೀರು ಹರಿದರೆ ಸುತ್ತು ದಾರಿ ಯಾವುದು, ಇದೂ ಹಾಳೆಯಲ್ಲಿರಲಿ.

ಅದರ ಕೆಳಗೆ ಅಕ್ಷಾಂಶ ರೇಖಾಂಶ. ಮೊಬೈಲ್ ನಕ್ಷೆಯಲ್ಲಿ ಮನೆ ಇರುವ ಜಾಗವನ್ನು ಒತ್ತಿ ಹಿಡಿದರೆ ಆ ಎರಡು ಸಂಖ್ಯೆ ಸಿಗುತ್ತವೆ. ಚುಕ್ಕಿಯ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್‌ವರೆಗೂ ಸರಿಯಾಗಿ ತೋರಿಸುತ್ತೆ, ಅಂದರೆ ಅಂಗಳಕ್ಕೇ ಬರಬಹುದು. ಗೂಗಲ್ ನಕ್ಷೆಯಲ್ಲಿ ಪ್ಲಸ್ ಕೋಡ್ ಅಂತಲೂ ಇದೆ, ವಿಳಾಸ ಇಲ್ಲದ ಜಾಗಗಳಿಗೆಂದೇ ಮಾಡಿದ ಚಿಕ್ಕ ಗುರುತು ಅದು. ಆದರೆ ಗಾಬರಿಯಲ್ಲಿ ಇರುವವರು ಅಂಕಿ ಓದುವಾಗ ತಪ್ಪುತ್ತಾರೆ, ಅದಕ್ಕೆ ಬಾಯಲ್ಲಿ ಹೇಳುವ ದಾರಿಯೇ ಮೊದಲು ಇರಲಿ. ಸಂಖ್ಯೆಗಳನ್ನು ಮೆಸೇಜ್ ಮಾಡಿ. ಸಿಗ್ನಲ್ ತೀರಾ ಕಡಿಮೆ ಇದ್ದಾಗ ಮಾತು ಕೇಳಿಸದಿದ್ದರೂ ಎಷ್ಟೋ ಸಲ ಮೆಸೇಜ್ ಹೋಗಿಬಿಡುತ್ತೆ. ಇನ್ನೊಂದು ವಿಷಯ, ಮೊಬೈಲಿನಲ್ಲಿ "ತುರ್ತು ಕರೆ ಮಾತ್ರ" ಎಂದು ಬಂದರೆ ಕೈಬಿಡಬೇಡಿ. ನಮ್ಮ ಸಿಮ್‌ನ ಟವರ್ ಸಿಗದಿದ್ದರೂ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಎಂದು ಅದರ ಅರ್ಥ. ಆಗ 112ಕ್ಕೆ ಪ್ರಯತ್ನಿಸಿ.

ವಾಹನ ಹೊರಟಿತು ಎಂದ ಕೂಡಲೇ ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯ ತಿರುವಿಗೆ ಹೋಗಿ ನಿಲ್ಲಲಿ. ಎಲ್ಲರೂ ರೋಗಿಯ ಸುತ್ತ ನಿಂತು ಏನು ಮಾಡೋದು? ಆ ರಾತ್ರಿ ನಮ್ಮ ಮನೆಯಲ್ಲಿ ಏಳು ಜನ ಇದ್ದೆವು, ತಿರುವಿಗೆ ಒಬ್ಬರೂ ಹೋಗಿರಲಿಲ್ಲ.

ಯಾವ ಆಸ್ಪತ್ರೆಗೆ ಹೋಗಬೇಕು ಅನ್ನೋದೂ ಮೊದಲೇ ಗೊತ್ತಿರಬೇಕು. ಹತ್ತಿರದ್ದೇ ಸರಿಯಾದದ್ದು ಆಗಿರಬೇಕೆಂದಿಲ್ಲ. ಹಾವಿನ ವಿಷಕ್ಕೆ ಔಷಧಿ ಎಲ್ಲಿದೆ, ರಾತ್ರಿ ಡಾಕ್ಟರ್ ಎಲ್ಲಿ ಇರುತ್ತಾರೆ, ತಲೆಯ ಸ್ಕ್ಯಾನ್ ಎಲ್ಲಿ ಮಾಡುತ್ತಾರೆ, ಈ ಮೂರನ್ನು ಯಾವತ್ತಾದರೂ ಹಗಲಲ್ಲಿ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಬಾಯಿ ಸೊಟ್ಟಗಾಗಿ, ಒಂದು ಕೈ ಎತ್ತಲಾಗದೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತೆ, ಅದೂ ಸ್ಕ್ಯಾನ್ ಆದ ಮೇಲೆ. ಸ್ಕ್ಯಾನ್ ಇಲ್ಲದ ಕಡೆ ಹೋಗಿ ಕೂತರೆ ಆ ಹೊತ್ತೆಲ್ಲ ಕಳೆದುಹೋಗುತ್ತೆ.

ಹಾವಿನ ವಿಷಯವನ್ನು ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇದು ಹಳ್ಳಿಯವರ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹಾವು ಕಚ್ಚಿ ಪ್ರಪಂಚದಲ್ಲಿ ಪ್ರತಿ ವರ್ಷ 81,000ದಿಂದ 1,38,000 ಜನ ಸಾಯುತ್ತಾರೆ. 2017ರಲ್ಲಿ ಅದನ್ನು ನಿರ್ಲಕ್ಷ್ಯಕ್ಕೊಳಗಾದ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಕಚ್ಚಿದ ಜಾಗ ಕೊಯ್ಯಬೇಡಿ, ಬಾಯಿಂದ ಎಳೆಯಬೇಡಿ, ಹಗ್ಗ ಬಿಗಿದು ಕಟ್ಟಬೇಡಿ. ಉಂಗುರ, ಬಳೆ, ಗಡಿಯಾರ ತೆಗೆಯಿರಿ, ಬಾವು ಬಂದರೆ ಆಮೇಲೆ ತೆಗೆಯೋಕಾಗಲ್ಲ. ಕೈಕಾಲು ಅಲುಗಾಡದ ಹಾಗೆ ನೋಡಿಕೊಂಡು, ನಡೆಸದೆ, ಔಷಧಿ ಇರುವ ಕಡೆಗೆ ನೇರ ಹೊರಡಿ. ಹಾವು ಹಿಡಿಯೋಕೆ ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳೋದು ಬೇಡ.

ಇನ್ನು, ಯಾರಾದರೂ ಪ್ರಜ್ಞೆ ತಪ್ಪಿ, ಉಸಿರೂ ಸರಿಯಾಗಿ ಆಡದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಬೇಕು. ಓದಿ ಕಲಿಯೋದಲ್ಲ ಇದು. ಆರೋಗ್ಯ ಕೇಂದ್ರದವರನ್ನು ಕೇಳಿದರೆ ಯಾರಾದರೂ ಬಂದು ತೋರಿಸಿಕೊಡಬಹುದು. ನಮ್ಮ ಬೀದಿಯ ಹನ್ನೆರಡು ಜನ ಸೇರಿ ಕಲಿತೆವು. ಎರಡು ನಿಮಿಷ ಒತ್ತುವಷ್ಟರಲ್ಲಿ ತೋಳು ಸೋತುಹೋಗುತ್ತೆ, ಅದಕ್ಕೇ ಇಬ್ಬರು ಬೇಕು.

ಲೈನ್‌ಮನ್, ಪಂಪ್ ರಿಪೇರಿಯವರು, ಪಶು ವೈದ್ಯರು, ರಾತ್ರಿ ಕರೆದರೂ ಗಾಡಿ ತೆಗೆಯುವ ಚಾಲಕರು, ಇವರ ನಂಬರ್ ಹುಡುಕೋಕೆ ಇಂಟರ್ನೆಟ್ ಅಷ್ಟೇನೂ ಸಹಾಯ ಮಾಡಲ್ಲ. ಸಿಕ್ಕಿದ್ದೂ ಎಷ್ಟೋ ಹಳೆಯದಾಗಿರುತ್ತೆ. ನನಗೆ ಜಾಸ್ತಿ ನಂಬರ್ ಸಿಕ್ಕಿದ್ದು ಅಂಚೆಯವರಿಂದ. ಮನೆಮನೆ ತಿರುಗುವವರಿಗೆ ಯಾರು ನಿಜವಾಗಿ ಬರುತ್ತಾರೆ, ಯಾರು ಬರ್ತೀನಿ ಅಂತ ಹೇಳಿ ಬರಲ್ಲ ಎಂದು ಚೆನ್ನಾಗಿ ಗೊತ್ತಿರುತ್ತೆ. ಸಿಕ್ಕ ನಂಬರಿಗೆಲ್ಲ ಒಂದು ಸಲ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದೆ: ರಾತ್ರಿ ಬರ್ತೀರಾ, ನೀವು ಸಿಗದಿದ್ದರೆ ಯಾರಿಗೆ ಮಾಡಲಿ? ಎರಡನೇ ಪ್ರಶ್ನೆಗೆ ಎಲ್ಲರೂ ಉತ್ತರ ಕೊಟ್ಟರು. ನಂಬರ್ ಬರೆದು ಅಂಟಿಸಬಹುದಾ ಎಂದೂ ಕೇಳಿಕೊಂಡೆ.

ಮೊಬೈಲಿನಲ್ಲಿ ಸುಮ್ನೆ ಹೆಸರಿನಲ್ಲಿ ಉಳಿಸಿಕೊಂಡರೆ ಪ್ರಯೋಜನವಿಲ್ಲ. ಆ ಹೆಸರು ಯಾರದೆಂದು ನಿಮಗೆ ಗೊತ್ತು, ಮನೆಯಲ್ಲಿ ಒಬ್ಬರೇ ಇರುವ ಅಮ್ಮನಿಗೆ ಗೊತ್ತಿರಬೇಕಲ್ವಾ? ಕೆಲಸದ ಹೆಸರಿನಲ್ಲೇ ಉಳಿಸಿ. ಜೊತೆಗೆ ಕಾಗದದಲ್ಲೂ ಇರಲಿ, ಕರೆಂಟ್ ಹೋಗಿ ಮೊಬೈಲ್ ಚಾರ್ಜ್ ಮುಗಿದಾಗ ಪಕ್ಕದ ಮನೆ ಫೋನಿನಿಂದ ಮಾಡೋಕಾಗುತ್ತೆ.

ನಮ್ಮ ಮನೆಯಲ್ಲಿ ಆ ಹಾಳೆ ಮುಂಬಾಗಿಲ ಒಳಗಡೆ ಅಂಟಿಸಿದೆ. ಮೇಲೆ ದಾರಿ, ನಡುವೆ ಆಸ್ಪತ್ರೆ, ಕೆಳಗೆ ಉಳಿದವರು. ಮೊನ್ನೆ ಪಂಪ್ ರಿಪೇರಿಯವರ ನಂಬರ್ ಬದಲಾಯಿತು. ಹಳೆಯದನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದು ಬರೆಯುತ್ತಿದ್ದೆ. ಚಿಕ್ಕಪ್ಪ ಹಿಂದೆ ಬಂದು ನಿಂತು ಓದೋಕೆ ನೋಡಿದರು. "ಕನ್ನಡಕ ಇಲ್ಲದೆ ಒಂದಕ್ಷರ ಕಾಣಲ್ಲ ಮಗಾ, ರಾತ್ರಿ ನಾನು ಕನ್ನಡಕ ಎಲ್ಲಿ ಹುಡುಕಲಿ?" ಅಂದರು. ಭಾನುವಾರ ದೊಡ್ಡ ಹಾಳೆ ತಂದು, ದಪ್ಪ ಪೆನ್ನಿನಲ್ಲಿ ಪೂರ್ತಿ ಮತ್ತೆ ಬರೆಯುತ್ತೇನೆ.