ಹಡಗಿನಿಂದ ಶುರು ಮಾಡಬೇಡಿ: ಅತ್ತೆಯ ಜೊತೆ ಪ್ಲಿಮತ್‌ಗೆ ಐದು ದಿನ

ನನ್ನ ಗಂಡನ ಅಮ್ಮ ಓಹಾಯೋದವರು. ಎದುರಿಗೆ ಹೆಸರು ಹಿಡಿದೇ ಕರೆಯುತ್ತೇನೆ. ಅಲ್ಲಿ ಹಾಗೇ ರೂಢಿ, ಆದರೂ ಮೊದಮೊದಲು ನನಗೆ ಬಾಯೇ ಬರುತ್ತಿರಲಿಲ್ಲ. ಇಲ್ಲಿ ಅತ್ತೆ ಅಂತಲೇ ಬರೆಯುತ್ತೇನೆ. ಅವರು ಚಿಕ್ಕವರಿದ್ದಾಗಿಂದ ಮನೆಯಲ್ಲಿ ಒಂದು ಮಾತಿತ್ತಂತೆ, ನಾವು ಮೇಫ್ಲವರ್ ಹಡಗಿನವರು ಅಂತ. 1620ರಲ್ಲಿ ಇಂಗ್ಲೆಂಡಿನಿಂದ 102 ಜನರನ್ನು ಹೊತ್ತು ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ಗೆ ಬಂದ ಹಡಗು ಅದು. ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೊದಲ ಚಳಿಗಾಲದಲ್ಲೇ ಹೋಗಿಬಿಟ್ಟರು. ಉಳಿದವರ ವಂಶದವರಿಗೆ ಒಂದು ಸಂಘವೇ ಇದೆ, 1897ರಿಂದ. ಅದರಲ್ಲಿ ಸದಸ್ಯೆಯಾಗಬೇಕು ಅನ್ನೋದು ಅತ್ತೆಯ ಆಸೆ. ಆದರೆ ಸಂಘದವರು ಬಾಯಿಮಾತು ಕೇಳುವುದಿಲ್ಲ. ಒಂದೊಂದು ತಲೆಮಾರಿಗೂ ಕಾಗದ ತೋರಿಸಬೇಕು.

ನಾವಿರುವುದು ಬಾಸ್ಟನ್ ಪಕ್ಕ. ಹಾಗಾಗಿ ಕಾರು ಓಡಿಸೋ ಕೆಲಸ, ಕಾಗದ ಹುಡುಕೋ ಕೆಲಸ ಎರಡೂ ನನ್ನ ಪಾಲಿಗೆ ಬಂತು. ಈಗ ನಮ್ಮವರ ಎಷ್ಟೋ ಮನೆಗಳಲ್ಲಿ ಅಮೆರಿಕದ ಸೊಸೆ, ಅಳಿಯ ಇದ್ದಾರೆ. ಬೀಗರ ಜೊತೆ ಯಾರಾದರೂ ಇದೇ ದಾರಿ ಹಿಡಿದರೆ ನಾವು ಎಡವಿದಲ್ಲಿ ಅವರು ಎಡವದಿರಲಿ ಅಂತ ಬರೆಯುತ್ತಿದ್ದೇನೆ.

ನಾವು ಮಾಡಿದ ಮೊದಲ ತಪ್ಪು ಅಂದರೆ ಹಡಗಿನಿಂದ ಶುರು ಮಾಡಿದ್ದು. ಒಂದು ವೆಬ್‌ಸೈಟ್‌ನಲ್ಲಿ ಯಾರೋ ಹಾಕಿದ್ದ ವಂಶವೃಕ್ಷ ಸಿಕ್ಕಿತು, ಆ ಹಡಗಿನಲ್ಲಿ ಬಂದ ಜಾನ್ ಆಲ್ಡನ್‌ನಿಂದ ಅತ್ತೆಯ ಮುತ್ತಜ್ಜಿವರೆಗೆ ಗೆರೆ ಎಳೆದಿಟ್ಟಿದ್ದರು. ಅತ್ತೆ ಅದನ್ನು ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸುವುದರಲ್ಲಿದ್ದರು. ಸುಮ್ನೆ ವರ್ಷಗಳನ್ನು ಕೂಡಿ ಕಳೆದು ನೋಡಿದೆ. ಒಬ್ಬ ತಾಯಿಗೆ ಮಗಳು ಹುಟ್ಟಿದಾಗ ತಾಯಿಯ ವಯಸ್ಸು ಎಂಟು! ನೂರಾರು ಜನ ಅದನ್ನೇ ನಕಲು ಮಾಡಿಕೊಂಡಿದ್ದರು. ಅಚ್ಚಾದ ಪುಸ್ತಕ ಅಂತಲೂ ನಂಬುವ ಹಾಗಿಲ್ಲ. ಗುಸ್ತಾವ್ ಆನ್ಝೂ ಅಂತ ಒಬ್ಬನಿದ್ದ, 1942ರಲ್ಲಿ ತೀರಿಕೊಂಡ. ದುಡ್ಡಿದ್ದವರಿಗೆ ಬೇಕಾದ ವಂಶಾವಳಿ ಹೊಸೆದು ಕೊಡುವುದೇ ಅವನ ಕಸುಬು. ಆ ಪುಸ್ತಕಗಳು ಇವತ್ತಿಗೂ ಲೈಬ್ರರಿಗಳಲ್ಲಿ ಕೂತಿವೆ. ಡಿಎನ್‌ಎ ಕಿಟ್ ತರಿಸೋಣ ಅಂತ ಅತ್ತೆ ಹೇಳಿದರು. ಹನ್ನೆರಡು ತಲೆಮಾರು ಹಿಂದಿನ ಒಬ್ಬ ಅಜ್ಜನ ಪಾಲು ಮೈಯಲ್ಲಿ ಒಂದಿಷ್ಟೂ ಉಳಿಯದೇ ಇರಬಹುದು, ಅದರಿಂದ ಇಲ್ಲಿ ಏನೂ ಸಾಬೀತಾಗುವುದಿಲ್ಲ.

ಇವತ್ತಿನಿಂದ ಹಿಂದಕ್ಕೆ ನಡೆಯಿರಿ. ನಿಮ್ಮ ಬರ್ತ್ ಸರ್ಟಿಫಿಕೇಟ್, ಅಪ್ಪ ಅಮ್ಮನದು, ಅವರ ಅಪ್ಪ ಅಮ್ಮನದು, ಹಾಗೇ ಹಿಂದೆ. ಅಮೆರಿಕದ ಜನಗಣತಿಯಲ್ಲಿ 1850ರಿಂದ ಮನೆಯಲ್ಲಿದ್ದ ಎಲ್ಲರ ಹೆಸರೂ ಇದೆ (ಗುಲಾಮರನ್ನು ಬೇರೆ ಪಟ್ಟಿಯಲ್ಲಿ ಹೆಸರಿಲ್ಲದೆ ಬರೀ ಲೆಕ್ಕವಾಗಿ ಬರೆದರು). ಅಲ್ಲಿವರೆಗೆ ಸಲೀಸು. ಆ ಕಡೆಯಿಂದ ನೋಡಿದರೆ ಮೊದಲ ಐದು ತಲೆಮಾರುಗಳನ್ನು ಮೇಫ್ಲವರ್ ಸಂಘದವರೇ ದಾಖಲೆ ಸಮೇತ ಪುಸ್ತಕ ಮಾಡಿದ್ದಾರೆ, ಬೆಳ್ಳಿ ಬಣ್ಣದ ರಟ್ಟಿನವು. ಎರಡೂ ದಡ ಸಿಕ್ಕಂತಾಯಿತು. ನಡುವೆ ಇರುವುದೇ ಹೊಳೆ, ಸುಮಾರು 1760ರಿಂದ 1850. 1790ರಿಂದ 1840ರವರೆಗಿನ ಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ ಇದೆ, ಉಳಿದವರು ಬರೀ ಅಂಕಿ. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಜನ ಗಂಟುಮೂಟೆ ಕಟ್ಟಿ ಮೇನ್, ವರ್ಮಾಂಟ್, ನ್ಯೂಯಾರ್ಕ್, ಓಹಾಯೋ ಅಂತ ಹೊರಟುಬಿಟ್ಟರು. ಹೆಂಗಸರ ತವರಿನ ಹೆಸರು ಎಷ್ಟೋ ಕಡೆ ಬರೆದಿರುವುದಿಲ್ಲ.

ನಮಗೂ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಅತ್ತೆಯ ಕವಲು ಜಾನ್ ಆಲ್ಡನ್‌ನ ಮಗ ಜೋಸೆಫ್‌ನದು ಅಂತ ಮನೆಯವರ ಮಾತು. ಅವನು ಬ್ರಿಜ್‌ವಾಟರ್‌ನಲ್ಲಿ ನೆಲೆಸಿದವನು. ಅಲ್ಲಿಂದ ಕೆಳಗಿಳಿದರೆ ಏಳನೇ ತಲೆಮಾರಿನಲ್ಲಿ ಒಬ್ಬ ಮೇರಿ. ಬರೀ ಮೇರಿ, ಇಂಥವರ ಹೆಂಡತಿ, ಅಷ್ಟೇ. ಯಾರ ಮಗಳು?

ಅತ್ತೆ ಒಂದು ಸಂಜೆ ನನ್ನನ್ನು ಕೇಳಿದರು, ನಿನ್ನ ಅಮ್ಮನ ಅಜ್ಜಿಯ ಹೆಸರೇನು ಅಂತ. ತೀರ್ಥಹಳ್ಳಿ ಅಜ್ಜಿ ಅಂದೆ. ಅದು ಊರಿನ ಹೆಸರಲ್ವಾ ಅಂದರು. ಶಿವಮೊಗ್ಗಕ್ಕೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅಮ್ಮನೂ ಎರಡು ನಿಮಿಷ ಯೋಚಿಸಿ, ದೊಡ್ಡಮ್ಮನ್ನ ಕೇಳಬೇಕು ಅಂದಳು.

ಮೇರಿಯ ಗಂಡ ಯುದ್ಧಕ್ಕೆ ಹೋಗಿದ್ದ ಅನ್ನೋದು ನಮಗೆ ದೊಡ್ಡ ಅದೃಷ್ಟ. 1836 ಮತ್ತು 1838ರ ಕಾನೂನಿನ ಪ್ರಕಾರ ಸ್ವಾತಂತ್ರ್ಯ ಯುದ್ಧದ ಸಿಪಾಯಿಗಳ ವಿಧವೆಯರಿಗೆ ಪಿಂಚಣಿ ಸಿಗುತ್ತಿತ್ತು. ಮದುವೆ ಆಗಿದ್ದಕ್ಕೆ ಪುರಾವೆ ಕೊಡಬೇಕು. ಪುರಾವೆ ಇಲ್ಲದವರು ಮನೆಯ ಬೈಬಲ್‌ನಲ್ಲಿ ಹುಟ್ಟು ಸಾವು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸುತ್ತಿದ್ದರು. ಆ ಫೈಲುಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಫ್ಯಾಮಿಲಿಸರ್ಚ್ ತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು, ಒಂದು ಅಕೌಂಟ್ ಮಾಡಿಕೊಂಡರೆ ಸಾಕು, ದುಡ್ಡಿಲ್ಲ. ನಮ್ಮ ಮೇರಿಯ ಹಾಳೆಯೂ ಇತ್ತು. ಒಂದು ಅಂಚಿನಲ್ಲಿ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಒಂಬತ್ತು ಮಕ್ಕಳ ಹೆಸರು, ಅದರಲ್ಲಿ ಎರಡು ಸಲ ಒಂದೇ ಹೆಸರು. ಮೊದಲನೆಯ ಮಗು ಹೋದರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು, ಎರಡನ್ನೂ ಒಂದೇ ಅಂದುಕೊಂಡು ಮೋಸ ಹೋಗಬೇಡಿ. ಮದುವೆ ತಾರೀಕು ಸಿಕ್ಕಿತು. ಆದರೆ ಅವಳ ಅಪ್ಪ ಯಾರು ಅಂತ ಅಲ್ಲೂ ಇರಲಿಲ್ಲ.

ಇಷ್ಟಾದ ಮೇಲೆ ಊರು ಬಿಟ್ಟು ಹೊರಟೆವು. ಮೊದಲ ದಿನ ಬಾಸ್ಟನ್‌ನ ನ್ಯೂಬರಿ ಸ್ಟ್ರೀಟ್‌ನಲ್ಲಿರುವ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ, ವಂಶಾವಳಿ ಹುಡುಕುವವರ ಲೈಬ್ರರಿ. 1845ರಲ್ಲಿ ಶುರುವಾದದ್ದು, ಈಗ ಅಮೆರಿಕನ್ ಆನ್ಸೆಸ್ಟರ್ಸ್ ಅಂತ ಕರೆದುಕೊಳ್ಳುತ್ತಾರೆ. ಅಲ್ಲಿಗೆ ಕಾರು ಒಯ್ಯಬೇಡಿ, ಪಾರ್ಕಿಂಗ್‌ನಲ್ಲೇ ಅರ್ಧ ದಿನ ಹೋಗುತ್ತದೆ. ಗ್ರೀನ್ ಲೈನ್ ಹಿಡಿದು ಆರ್ಲಿಂಗ್ಟನ್ ಅಥವಾ ಕಾಪ್ಲಿಯಲ್ಲಿ ಇಳಿದರೆ ನಡೆಯುವ ದೂರ. ಸದಸ್ಯರಲ್ಲದವರು ದುಡ್ಡು ಕೊಟ್ಟು ಒಳಗೆ ಹೋಗಬಹುದು. ಪೆನ್ಸಿಲ್ ಒಯ್ಯಿರಿ, ಹಳೇ ಕಾಗದದ ಹತ್ತಿರ ಪೆನ್ ಬಿಡುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯವೇ ಹುಟ್ಟು ಸಾವು ಬರೆದಿಡಲು ಶುರು ಮಾಡಿದ್ದು 1841ರಲ್ಲಿ, ಅದಕ್ಕೂ ಮೊದಲು ಆಯಾ ಊರಿನ ಗುಮಾಸ್ತ ಬರೆದುಕೊಂಡಿದ್ದೇ ದಾಖಲೆ. ಅವು 1850ರವರೆಗೆ ಊರೂರಿಗೆ ಅಚ್ಚಾಗಿವೆ, ಕಪಾಟಿನ ತುಂಬ ಸಾಲಾಗಿ ನಿಂತಿವೆ. 1620ರಿಂದ 1640ರ ನಡುವೆ ಬಂದವರ ಬಗ್ಗೆ 1988ರಲ್ಲಿ ಗ್ರೇಟ್ ಮೈಗ್ರೇಶನ್ ಅಂತ ಒಂದು ಕೆಲಸ ಶುರು ಮಾಡಿದರು, ಆ ಸಂಪುಟಗಳೂ ಅಲ್ಲಿವೆ. ನಿಮ್ಮವರು ಮೇಫ್ಲವರ್‌ನಲ್ಲಿ ಬರದೆ ಹತ್ತು ವರ್ಷ ಆಮೇಲೆ ಬಂದವರಾದರೆ ಮೊದಲು ನೋಡಬೇಕಾದದ್ದು ಇದನ್ನೇ. ವರ್ಜೀನಿಯಾ ಕಡೆಯವರಾದರೆ ಪಾಡು ಬೇರೆ. ಜೋಪಾನವಾಗಿರಲಿ ಅಂತ ಎಷ್ಟೋ ಕೋರ್ಟುಗಳ ದಾಖಲೆಯನ್ನು ರಿಚ್‌ಮಂಡ್‌ಗೆ ಕಳಿಸಿದ್ದರು, 1865ರ ಏಪ್ರಿಲ್‌ನಲ್ಲಿ ಆ ಊರಿಗೇ ಬೆಂಕಿ ಬಿತ್ತು.

ಹಳೇ ತಾರೀಕುಗಳ ಬಗ್ಗೆ ಒಂದು ಮಾತು. 1752ರವರೆಗೆ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿ ಹೊತ್ತಿಗೆ. ಹಾಗಾಗಿ 1690ರ ಡಿಸೆಂಬರ್ ಆದ ಮೇಲೆ ಬರುವ ಫೆಬ್ರವರಿಯೂ 1690ರದ್ದೇ. ಪುಸ್ತಕಗಳಲ್ಲಿ 1690/91 ಅಂತ ಜೋಡಿಯಾಗಿ ಬರೆದಿರುತ್ತಾರೆ, ಹಾಗೇ ಇಳಿಸಿಕೊಳ್ಳಿ, ತಿದ್ದಲು ಹೋಗಬೇಡಿ. ಸಂಬಂಧದ ಮಾತುಗಳೂ ಹಾಗೇ. ಉಯಿಲಿನಲ್ಲಿ ಕಸಿನ್ ಅಂತ ಇದ್ದರೆ ಅಣ್ಣನ ಮಗನೂ ಆಗಿರಬಹುದು. ಸನ್ ಇನ್ ಲಾ ಅಂದರೆ ಅಳಿಯನೇ ಆಗಬೇಕಿಲ್ಲ, ಹೆಂಡತಿಯ ಮೊದಲ ಗಂಡನ ಮಗನೂ ಇರಬಹುದು. ಸೀನಿಯರ್, ಜೂನಿಯರ್ ಅಂದರೆ ಅಪ್ಪ ಮಗ ಅಂತ ಅಲ್ಲ, ಒಂದೇ ಊರಿನ ದೊಡ್ಡವನು ಚಿಕ್ಕವನು ಅಂತ ಅಷ್ಟೇ ಇರಬಹುದು.

ಎರಡನೇ ದಿನ ಪೂರ್ತಿ ದಂಡ. ಒಂದು ಸಣ್ಣ ಊರಿನ ಗುಮಾಸ್ತರ ಕಚೇರಿಗೆ ಒಂದೂವರೆ ಗಂಟೆ ಓಡಿಸಿಕೊಂಡು ಹೋದರೆ ಶುಕ್ರವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕಿದ್ದರು. ಫೋನ್ ಮಾಡಿದಾಗ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಕೇಳಿ.

ಪ್ಲಿಮತ್ ಬಾಸ್ಟನ್‌ನಿಂದ ನಲವತ್ತು ಮೈಲಿ, ರೂಟ್ 3 ಹಿಡಿದು ನೆಟ್ಟಗೆ. ರೈಲಿನಲ್ಲಿ ಹೋದರೆ ಕಿಂಗ್‌ಸ್ಟನ್‌ಗೇ ನಿಲ್ಲುತ್ತದೆ, ಆಮೇಲೆ ಟ್ಯಾಕ್ಸಿ, ಹಾಗಾಗಿ ಕಾರೇ ಸರಿ. ಶನಿವಾರ ಭಾನುವಾರ ಅಲ್ಲೇ ಸುತ್ತಾಡಿಕೊಂಡಿದ್ದು ಸೋಮವಾರ ಬೆಳಗ್ಗೆ ರಿಜಿಸ್ಟ್ರಿ ಆಫ್ ಡೀಡ್ಸ್‌ಗೆ ಹೋದೆವು. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸ್ ಇದ್ದ ಹಾಗೆ, ಗಲಾಟೆ ಇಲ್ಲ ಅಷ್ಟೇ. ಪ್ಲಿಮತ್ ವಸಾಹತಿನ ಕಾಲದ ಮೂಲ ದಾಖಲೆಗಳು ಇರುವುದೂ ಇವರ ಸುಪರ್ದಿನಲ್ಲೇ.

ಎಲ್ಲರೂ ಜಮೀನು ಕೊಂಡ ಪತ್ರ ಹುಡುಕುತ್ತಾರೆ. ಮಾರಿದ್ದನ್ನು ಹುಡುಕಿ. ಅಪ್ಪ ಸತ್ತ ಮೇಲೆ ಮಕ್ಕಳೆಲ್ಲ ಸೇರಿ ಪಾಲು ಮಾರುತ್ತಾರಲ್ಲ, ಅಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಗಂಡಂದಿರ ಹೆಸರಿನ ಜೊತೆ ಬರುತ್ತದೆ. ಗಂಡ ಮಾರಿದರೂ ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ಪದ್ಧತಿ ಇತ್ತು, ಅಲ್ಲೂ ಹೆಸರು ಸಿಗುತ್ತದೆ. ಮೇರಿಯ ಗಂಡನ ಹೆಸರಿನ ಮೇಲೆ ಸೂಚಿಯಲ್ಲಿ ಹನ್ನೊಂದು ಪತ್ರ ಇದ್ದವು. ಒಂಬತ್ತನೆಯದು ಬ್ರಿಜ್‌ವಾಟರ್‌ನ ಒಂದು ಸೀಡರ್ ಜೌಗಿನಲ್ಲಿ ಆರನೇ ಒಂದು ಪಾಲು. ಚಕ್ಕುಬಂದಿ ಓದುತ್ತಾ ಹೋದೆ. ಗುರುತು ಕೆತ್ತಿದ ಬಿಳಿ ಓಕ್ ಮರದಿಂದ ಕಲ್ಲುಗುಡ್ಡೆವರೆಗೆ, ಅಲ್ಲಿಂದ ಹಳ್ಳದ ಅಂಚು ಹಿಡಿದು, ಹೀಗೇ. ಉದ್ದ ಎಸ್ ಅಕ್ಷರ ಎಫ್ ಥರ ಕಾಣುತ್ತದೆ, ಹತ್ತು ಸಾಲು ಓದಿದ ಮೇಲೆ ಕಣ್ಣು ಒಗ್ಗುತ್ತದೆ. ಕೊನೆಯ ಹೊತ್ತಿಗೆ ಒಂದು ಸಾಲು ಬಂತು: ನಮ್ಮ ಗೌರವಾನ್ವಿತ ತಂದೆ ದಿವಂಗತ ಇಂಥವರಿಂದ ಮೇರಿಗೆ ಬಂದ ಪಾಲು. ಆ ತಂದೆಯ ಹೆಸರು ಬೆಳ್ಳಿ ಪುಸ್ತಕದಲ್ಲಿ ಐದನೇ ತಲೆಮಾರಿನ ಮಕ್ಕಳ ಪಟ್ಟಿಯಲ್ಲಿತ್ತು. ಅತ್ತೆ ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ಇನ್ನೊಂದು ಸಲ ಓದಿದರು. ಆಮೇಲೆ, ಎರಡು ಪ್ರತಿ ತೆಗೆಸು ಅಂದರು.

ನಿಜ ಹೇಳಬೇಕೆಂದರೆ ಈ ಪತ್ರಗಳಲ್ಲಿ ಜಾಸ್ತಿ ಪಾಲು ಆನ್‌ಲೈನ್‌ನಲ್ಲೂ ಸಿಗುತ್ತವೆ. ಊರಿಂದ ಬರುವವರು ಮೊದಲು ಅಲ್ಲಿ ಹುಡುಕಿ, ಪುಟದ ಸಂಖ್ಯೆ ಬರೆದುಕೊಂಡೇ ಬನ್ನಿ.

ಮೊದಲೆರಡು ದಿನ ಪ್ಲಿಮತ್‌ನಲ್ಲಿ ಏನು ನೋಡಿದೆವು ಅಂದರೆ, ಹಡಗಿನವರು ಮೊದಲು ಕಾಲಿಟ್ಟದ್ದು ಅಂತ ಹೇಳುವ ಪ್ಲಿಮತ್ ಬಂಡೆ ಐದು ನಿಮಿಷದ ಕೆಲಸ. ನೋಡಿದವರೆಲ್ಲ ಇಷ್ಟೇನಾ ಅಂತಾರೆ, ನಾನೂ ಅಂದೆ. 1824ರಲ್ಲಿ ಬಾಗಿಲು ತೆರೆದ ಪಿಲ್‌ಗ್ರಿಮ್ ಹಾಲ್ ಮ್ಯೂಸಿಯಂಗೆ ಮಾತ್ರ ಎರಡು ಗಂಟೆ ಇಟ್ಟುಕೊಳ್ಳಿ. ಹಡಗಿನ ಜನ ತಂದ ಸಾಮಾನು ಅಲ್ಲಿದೆ. ಹಡಗಿನ ಎಷ್ಟೋ ಜನರ ಹಾಗೆ ಜಾನ್ ಆಲ್ಡನ್ ಧರ್ಮಕ್ಕಾಗಿ ಓಡಿ ಬಂದವನಲ್ಲ. ಸೌತಾಂಪ್ಟನ್‌ನಲ್ಲಿ ಪೀಪಾಯಿ ಕೆಲಸಕ್ಕೆ ಸಂಬಳದ ಮೇಲೆ ಹತ್ತಿದವನು, ಇಷ್ಟ ಬಂದರೆ ಇರು, ಇಲ್ಲದಿದ್ದರೆ ವಾಪಸ್ ಹೋಗು ಅಂದಿದ್ದರು. ಉಳಿದ. ಪ್ರಿಸಿಲ್ಲಾ ಮಲಿನ್ಸ್‌ಳನ್ನು ಮದುವೆಯಾಗಿ ಹತ್ತು ಮಕ್ಕಳನ್ನು ಹಡೆದ. ಅವಳ ಅಪ್ಪ ವಿಲಿಯಂ ಮಲಿನ್ಸ್ ಡಾರ್ಕಿಂಗ್ ಊರಿನವನು. ಮೊದಲ ಚಳಿಗಾಲ ದಾಟಲಿಲ್ಲ. ಅವನ ಉಯಿಲು ಉಳಿದುಕೊಂಡಿದೆ, ಅದರಲ್ಲಿ 21 ಡಜನ್ ಶೂ, 13 ಜೊತೆ ಬೂಟು ಇದೆ. ಹೊಸ ದೇಶಕ್ಕೆ ವ್ಯಾಪಾರಕ್ಕೆ ಅಂತ ಹೊತ್ತು ತಂದಿದ್ದು. ಕೊಳ್ಳೋ ಜನ ಮಣ್ಣಾಗುತ್ತಿದ್ದರು.

ಆ ಮಣ್ಣಾದವರು ಇರುವುದು ಕೋಲ್ಸ್ ಹಿಲ್‌ನಲ್ಲಿ, ಗುರುತಿನ ಕಲ್ಲು ಒಂದೂ ಇಟ್ಟಿರಲಿಲ್ಲ. ಅದೇ ದಿಣ್ಣೆಯ ಮೇಲೆ ಇಲ್ಲಿನ ಮೂಲನಿವಾಸಿ ವಾಂಪನಾಗ್ ಜನರ ನಾಯಕ ಮ್ಯಾಸಸಾಯ್ಟ್‌ನ ಪ್ರತಿಮೆ ಇದೆ, ಪಕ್ಕದಲ್ಲೇ ಒಂದು ಫಲಕ. ಥ್ಯಾಂಕ್ಸ್‌ಗಿವಿಂಗ್ ದಿನ ಅವರ ಕಡೆಯವರು 1970ರಿಂದ ಅಲ್ಲಿ ಸೇರಿ ಶೋಕದ ದಿನ ಆಚರಿಸುತ್ತಾರೆ. ಹಡಗು ಬರುವ ಮುಂಚೆ ಈ ಜಾಗ ಪಟುಕ್ಸೆಟ್ ಅನ್ನೋ ಊರು. 1616ರಿಂದ 1619ರ ನಡುವೆ ಬಂದ ಸಾಂಕ್ರಾಮಿಕದಲ್ಲಿ ಊರೇ ಬರಿದಾಗಿತ್ತು, ಉತ್ತ ಹೊಲ ಖಾಲಿ ಬಿದ್ದಿತ್ತು, ಇವರು ಬಂದು ಅಲ್ಲೇ ಕೂತರು. ಅತ್ತೆ ಫಲಕವನ್ನು ಪೂರ್ತಿ ಓದಿದರು. ಸ್ಕೂಲಲ್ಲಿ ನಮಗೆ ಎರಡೂ ಕಡೆಯವರು ಕೂಡಿ ಉಂಡ ಥ್ಯಾಂಕ್ಸ್‌ಗಿವಿಂಗ್ ಊಟದ ಕಥೆ ಮಾತ್ರ ಹೇಳಿದ್ದರು ಅಂದರು.

ಕೊನೆಗೆ ಡಕ್ಸ್‌ಬರಿ, ಪ್ಲಿಮತ್‌ನಿಂದ ಇಪ್ಪತ್ತು ನಿಮಿಷ. ಆಲ್ಡನ್ ಮನೆ ಇವತ್ತಿಗೂ ವಂಶದವರ ಸಂಘದ ಕೈಯಲ್ಲೇ ಇದೆ. ಬೇಸಿಗೆಯಲ್ಲಿ ಮಾತ್ರ ಒಳಗೆ ಬಿಡುತ್ತಾರೆ, ಹೊರಡುವ ಮುನ್ನ ದಿನ ನೋಡಿಕೊಳ್ಳಿ. ಹತ್ತಿರದ ಹಳೇ ಸ್ಮಶಾನದಲ್ಲಿ ಹಡಗಿನವರ ಸೇನಾ ನಾಯಕ ಮೈಲ್ಸ್ ಸ್ಟ್ಯಾಂಡಿಶ್‌ನ ಸಮಾಧಿ ಸುತ್ತ ನಾಲ್ಕು ಫಿರಂಗಿ ಇಟ್ಟಿದ್ದಾರೆ. ಜಾನ್ ಮತ್ತು ಪ್ರಿಸಿಲ್ಲಾ ಹೆಸರಿನ ಕಲ್ಲುಗಳು ಎಷ್ಟೋ ಕಾಲದ ಮೇಲೆ ನೆಟ್ಟವು. ಅವರ ಮಗ ಜೊನಾಥನ್‌ನ 1697ರ ಕಲ್ಲು ನಿಜವಾಗಿ ಹಳೆಯದು. ಕಪ್ಪು ಸ್ಲೇಟಿನ ಇಂಥ ಕಲ್ಲುಗಳ ಮೇಲೆ ರೆಕ್ಕೆ ಇರುವ ತಲೆಬುರುಡೆ ಕೆತ್ತಿರುತ್ತಾರೆ. ಅಕ್ಷರ ಕಾಣದಿದ್ದರೆ ಸುಣ್ಣ, ಶೇವಿಂಗ್ ಕ್ರೀಮ್ ಏನೂ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಒಂದು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಬೀಳಿಸಿ, ಅಕ್ಷರ ಎದ್ದು ನಿಲ್ಲುತ್ತದೆ. ರೆಲಿಕ್ಟ್ ಅಂತ ಇದ್ದರೆ ವಿಧವೆ. ಕಾನ್ಸಾರ್ಟ್ ಅಂತ ಇದ್ದರೆ ಗಂಡ ಇದ್ದಾಗಲೇ ಹೋದವಳು.

ಹುಲ್ಲಿನಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಬೇಡಿ. ನಮ್ಮ ಶಿವಮೊಗ್ಗದ ಕಡೆ ಮಂಗನ ಕಾಯಿಲೆ ತರುವ ಉಣುಗು ಇದೆಯಲ್ಲ, ಇಲ್ಲಿ ಅದರ ಬಳಗದ್ದು ಲೈಮ್ ಕಾಯಿಲೆ ತರುತ್ತದೆ, ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳಿ, ಚೆನ್ನಾಗಿ ಕಾಣಲ್ಲ ಅಂತ ನಾಚಿಕೊಳ್ಳಬೇಡಿ. ರೂಮಿಗೆ ಬಂದ ಮೇಲೆ ಮೈಯೆಲ್ಲ ನೋಡಿಕೊಳ್ಳಿ. ನನ್ನ ಮೊಣಕಾಲಿನ ಹಿಂದೆ ಒಂದಿತ್ತು, ಅತ್ತೆಯೇ ಚಿಮುಟದಲ್ಲಿ ಕಿತ್ತರು.

ಸಂಘಕ್ಕೆ ಕಳಿಸಬೇಕಾದ ಅರ್ಜಿ ಇನ್ನೂ ಹೋಗಿಲ್ಲ. ಹನ್ನೆರಡೂ ತಲೆಮಾರಿನ ಕಾಗದ ಫೈಲಿನಲ್ಲಿ ಸಾಲಾಗಿದೆ, ಉಯಿಲು, ಜೌಗಿನ ಪತ್ರ, ಹರಿದ ಬೈಬಲ್ ಹಾಳೆ, ಎಲ್ಲ. ಒಂದು ಮಾತ್ರ ಸಿಗುತ್ತಿಲ್ಲ, ಅತ್ತೆಯ ಸ್ವಂತ ಮದುವೆ ಸರ್ಟಿಫಿಕೇಟ್. 1974ರದ್ದು. ಮಾವ ಅಟ್ಟದ ಮೇಲೆ ಹುಡುಕುತ್ತಿದ್ದಾರೆ.